ನೀವು ಕೇಳಿದಿರಿ: ‘ಸ್ಪೆಕ್ಟ್’ ಇದ್ದಲ್ಲಿ ಯಾರೋ ನೋಡುತ್ತಿದ್ದಾರೆ

ಕಳೆದ ಸಂಚಿಕೆಯಲ್ಲಿ ‘ಇನ್‌ಸ್ಪೆಕ್ಟ್’ ಎಂಬ ಇಂಗ್ಲಿಷ್ ಪದ ಲ್ಯಾಟಿನ್‌ನ ‘ನೋಡು’ ಎಂಬ ಕ್ರಿಯಾಪದದಿಂದ ಬಂದದ್ದು ಅಂತ ಸುಮ್ನೆ ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರ ಬೇರೆ ಯಾವುದಕ್ಕೂ ಬಂದಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಆ ಬೇರಿಗೇ ಮೀಸಲು. ವ್ಯಾಕರಣದ ಪ್ರಶ್ನೆ ಕಳಿಸಿದವರು ಮುಂದಿನ ತಿಂಗಳವರೆಗೆ ಕಾಯಬೇಕು, ಬೇಸರ ಬೇಡ.

ಪ್ರಶ್ನೆ: ಮೇಡಂ, ನಾನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಇಂಗ್ಲಿಷ್ ಪದಗಳ ಪಟ್ಟಿ ಉರು ಹೊಡೆದು ಸಾಕಾಗಿದೆ. ಬೆಳಿಗ್ಗೆ ಕಲಿತದ್ದು ಸಂಜೆಗೆ ಇರುವುದಿಲ್ಲ. ಲ್ಯಾಟಿನ್ ಬೇರು ಗೊತ್ತಿದ್ದರೆ ಪದಗಳ ಅರ್ಥ ತಾನಾಗಿಯೇ ಹೊಳೆಯುತ್ತದೆ ಅಂತ ಗೆಳೆಯ ಹೇಳುತ್ತಾನೆ. ನಿಜವೇ? ಆ ‘ನೋಡು’ ಬೇರನ್ನೇ ಇಟ್ಟುಕೊಂಡು ತಿಳಿಸಿ.

ಉತ್ತರ: ತಾನಾಗಿಯೇ ಏನೂ ಹೊಳೆಯುವುದಿಲ್ಲ. ಆದರೆ ಒಮ್ಮೆ ಕಲಿತ ಪದ ಜಾರಿ ಹೋಗದಂತೆ ಬೇರು ಹಿಡಿದುಕೊಳ್ಳುತ್ತದೆ. ನಿಮ್ಮ ಗೆಳೆಯ ಹೇಳಿದ್ದರಲ್ಲಿ ಅಷ್ಟು ಮಾತ್ರ ನಿಜ.

ನಾನು ನಿಘಂಟುಗಳ, ಪಠ್ಯಪುಸ್ತಕಗಳ ಕರಡು ತಿದ್ದಿಯೇ ಕೂದಲು ಬೆಳ್ಳಗೆ ಮಾಡಿಕೊಂಡವಳು. ಇಂಗ್ಲಿಷ್ ನಿಘಂಟು ತೆರೆದರೆ ನನ್ನ ಕಣ್ಣು ಮೊದಲು ಅರ್ಥದ ಕಡೆ ಹೋಗುವುದಿಲ್ಲ. ಚೌಕ ಕಂಸದೊಳಗೆ ಸಣ್ಣ ಅಕ್ಷರದಲ್ಲಿ ಪದದ ಹುಟ್ಟಿನ ವಿವರ ಇರುತ್ತದಲ್ಲ, ಯಾರೂ ಓದದ ಜಾಗ, ಅಲ್ಲಿಗೆ ಹೋಗುತ್ತದೆ. ನೀವೂ ಅಲ್ಲಿಂದಲೇ ಶುರು ಮಾಡಿ.

ಲ್ಯಾಟಿನ್‌ನಲ್ಲಿ ‘ಸ್ಪೆಕೆರೆ’ ಅಂದರೆ ನೋಡುವುದು. ಅದರಿಂದ ಹುಟ್ಟಿದ ‘ಸ್ಪೆಕ್ಟಾರೆ’ ಅಂದರೆ ಕಣ್ಣಿಟ್ಟು ನೋಡುತ್ತಲೇ ಇರುವುದು. ಇಂಗ್ಲಿಷಿನಲ್ಲಿ ಈ ಬೇರು ಸ್ಪೆಕ್, ಸ್ಪೆಕ್ಟ್, ಸ್ಪಿಕ್ ಎಂಬ ಮೂರು ವೇಷದಲ್ಲಿ ಸಿಗುತ್ತದೆ. ಮೂರನೆಯದು ಯಾಕೆ ಅಂದರೆ, ಲ್ಯಾಟಿನ್‌ನಲ್ಲಿ ಪದದ ಮುಂದೆ ಪ್ರಿಫಿಕ್ಸ್, ಅಂದರೆ ಉಪಸರ್ಗ, ಸೇರಿದಾಗ ಬೇರಿನೊಳಗಿನ ‘ಎ’ ಎಷ್ಟೋ ಸಲ ‘ಇ’ ಆಗಿಬಿಡುತ್ತಿತ್ತು. ಒಂಟಿಯಾಗಿದ್ದರೆ ಸ್ಪೆಕೆರೆ, ‘ಇನ್’ ಸೇರಿದರೆ ಇನ್‌ಸ್ಪಿಕೆರೆ. ಅದಕ್ಕೇ ‘ಸಸ್ಪೆಕ್ಟ್’ನಲ್ಲಿ ಸ್ಪೆಕ್ಟ್ ಇದೆ, ‘ಸಸ್ಪಿಶನ್’ನಲ್ಲಿ ಸ್ಪಿಕ್ ಇದೆ. ಬಾಯಲ್ಲಿ ‘ಶ’ ಬಂದರೂ ಬರೆಯುವಾಗ ಅಲ್ಲಿ ‘ಸಿ’ ಅಕ್ಷರವೇ ಇರುವುದು. ಇದು ತಿಳಿದಿದ್ದರೆ ಕಾನ್‌ಸ್ಪಿಕ್ಯುಅಸ್, ಡೆಸ್ಪಿಕಬಲ್ ಎಂಬ ಪದಗಳನ್ನು ಕಂಡಾಗಲೂ ಗುರುತು ಹತ್ತುತ್ತದೆ.

ಇನ್ನು ಪ್ರಿಫಿಕ್ಸ್ ಬದಲಾದರೆ ಏನಾಗುತ್ತದೆ? ನೋಟದ ದಿಕ್ಕು ಬದಲಾಗುತ್ತದೆ. ‘ಇನ್’ ಇದ್ದರೆ ಒಳಗೆ ನೋಡುವುದು, ಇನ್‌ಸ್ಪೆಕ್ಟ್. ‘ಪ್ರೋ’ ಅಂದರೆ ಮುಂದೆ, ಪ್ರಾಸ್ಪೆಕ್ಟ್ ಅಂದರೆ ಮುಂದೆ ಕಾಣುವ ಸಾಧ್ಯತೆ. ‘ರೆಟ್ರೋ’ ಹಿಂದಕ್ಕೆ, ‘ಇಂಟ್ರೋ’ ತನ್ನೊಳಕ್ಕೆ, ‘ಪರ್’ ಆರಪಾರ, ‘ಡಿ’ ಕೆಳಕ್ಕೆ. ಡೆಸ್ಪೈಸ್ ಅಂದರೆ ತಿರಸ್ಕರಿಸು. ನಾವೂ ‘ಕೀಳಾಗಿ ನೋಡಿದ’ ಅಂತಲೇ ಹೇಳುತ್ತೇವೆ, ಅಲ್ವಾ? ಇವೆಲ್ಲ ಸುಲಭ.

ನನಗೆ ಇಷ್ಟವಾಗುವುದು ಸುಲಭವಲ್ಲದವು. ‘ಸಸ್ಪೆಕ್ಟ್’ ತೆಗೆದುಕೊಳ್ಳಿ. ‘ಸಬ್’ ಅಂದರೆ ಕೆಳಗಿನಿಂದ. ಕೆಳಗಿನಿಂದ ಮೇಲಕ್ಕೆ ನೋಡುವುದಕ್ಕೂ ಅನುಮಾನಕ್ಕೂ ಏನು ನಂಟು? ತಲೆ ತಗ್ಗಿಸಿಕೊಂಡೇ ಕಣ್ಣು ಮಾತ್ರ ಮೇಲೆತ್ತಿ ಒಬ್ಬರನ್ನು ನೋಡಿ, ಆ ನೋಟದಲ್ಲೇ ಅನುಮಾನ ಇದೆ. ತಮಾಷೆ ಏನೆಂದರೆ, ಇದೇ ಲ್ಯಾಟಿನ್ ಪದಕ್ಕೆ ‘ತಲೆಯೆತ್ತಿ ಮೆಚ್ಚುಗೆಯಿಂದ ನೋಡು’ ಎಂಬ ಅರ್ಥವೂ ಇತ್ತು. ಮೆಚ್ಚುಗೆಯನ್ನು ಅಲ್ಲೇ ಬಿಟ್ಟು ಇಂಗ್ಲಿಷ್ ಅನುಮಾನವನ್ನು ಮಾತ್ರ ಕಟ್ಟಿಕೊಂಡು ಬಂತು.

‘ರೆಸ್ಪೆಕ್ಟ್’ ಕೂಡ ಹಾಗೇ. ‘ರಿ’ ಅಂದರೆ ಹಿಂದಕ್ಕೆ, ಮತ್ತೆ. ತಿರುಗಿ ನೋಡುವುದು. ದಾಟಿ ಹೋದ ಮೇಲೂ ತಿರುಗಿ ನೋಡುವಷ್ಟು ಯೋಗ್ಯ ಎನ್ನುವಲ್ಲಿಂದ ಗೌರವ ಬಂತು. ಆದರೆ ಹಳೆಯ ‘ನೋಡುವುದು’ ಪೂರ್ತಿ ಸತ್ತಿಲ್ಲ. ‘ವಿತ್ ರೆಸ್ಪೆಕ್ಟ್ ಟು’ ಎಂದು ಕಚೇರಿ ಪತ್ರದಲ್ಲಿ ಬರೆಯುತ್ತಾರಲ್ಲ, ಅಲ್ಲಿ ಗೌರವ ಇಲ್ಲ, ‘ಆ ವಿಷಯವನ್ನು ನೋಡಿದರೆ’ ಅಂತಷ್ಟೇ. ‘ರೆಸ್ಪೆಕ್ಟಿವ್ಲಿ’ ಅಂದರೆ ಕ್ರಮವಾಗಿ, ಒಂದೊಂದನ್ನೂ ಬೇರೆ ಬೇರೆ ನೋಡಿದರೆ. ಪತ್ರದ ಕೊನೆಗೆ ‘ಯುವರ್ಸ್ ರೆಸ್ಪೆಕ್ಟಿವ್ಲಿ’ ಅಂತ ಸಹಿ ಮಾಡುವವರು ‘ಕ್ರಮವಾಗಿ ನಿಮ್ಮವ’ ಅಂದಂತಾಯಿತು. ಅಲ್ಲಿ ಬೇಕಿರುವುದು ರೆಸ್ಪೆಕ್ಟ್‌ಫುಲಿ. ಕರಡು ತಿದ್ದುವಾಗ ಈ ತಪ್ಪು ಸಿಕ್ಕಿದರೆ ನನಗೆ ನಗು ತಡೆಯಲು ಆಗುತ್ತಿರಲಿಲ್ಲ.

ಈಗ ಎಚ್ಚರಿಕೆ. ಒಮ್ಮೆ ನನ್ನ ಮೇಜಿಗೆ ಬಂದ ಅನುವಾದವೊಂದರಲ್ಲಿ ‘ಅವನು ಸದಾ ಸುತ್ತಮುತ್ತ ನೋಡುವ ಮನುಷ್ಯ’ ಎಂದಿತ್ತು. ಕಾದಂಬರಿಯ ಆ ಪಾತ್ರ ಕಳ್ಳನೂ ಅಲ್ಲ, ಕಾವಲುಗಾರನೂ ಅಲ್ಲ. ಮೂಲ ತೆಗೆದು ನೋಡಿದರೆ ‘ಸರ್ಕಮ್‌ಸ್ಪೆಕ್ಟ್’ ಎಂಬ ಪದ. ‘ಸರ್ಕಮ್’ ಅಂದರೆ ಸುತ್ತ, ‘ಸ್ಪೆಕ್ಟ್’ ಅಂದರೆ ನೋಡು. ಅನುವಾದಕರು ಬೇರನ್ನು ಸರಿಯಾಗಿ ಬಿಡಿಸಿದ್ದರು, ಅರ್ಥವನ್ನು ಅಲ್ಲ. ಹಿಂದುಮುಂದು ಯೋಚಿಸಿ ನಡೆಯುವವನಿಗೆ ಆ ಪದ ಹೇಳುತ್ತಾರೆ. ಪದ ಹೊರಟ ಊರು ಯಾವುದು ಅಂತ ಬೇರು ಹೇಳುತ್ತದೆ. ಈಗ ಎಲ್ಲಿ ಇಳಿದಿದೆ ಎನ್ನುವುದು ವಾಕ್ಯದಲ್ಲೇ ಗೊತ್ತಾಗಬೇಕು.

ಆದ್ದರಿಂದ ನಿಮಗೆ ನಾನು ಹೇಳುವುದು ಇಷ್ಟು. ಪಟ್ಟಿಯಲ್ಲಿರುವ ಪದಗಳನ್ನು ಅಕಾರಾದಿಯಲ್ಲಿ ಓದಬೇಡಿ. ಈ ಬೇರಿನವು ಎಷ್ಟಿವೆಯೋ ಅಷ್ಟನ್ನೂ ಒಂದೇ ಹಾಳೆಗೆ ತನ್ನಿ. ಪ್ರತಿಯೊಂದರ ಪಕ್ಕ ನೋಟದ ದಿಕ್ಕಿಗೆ ಒಂದು ಬಾಣದ ಗುರುತು ಹಾಕಿ. ಕೆಳಗೆ ನೀವೇ ಎಲ್ಲೋ ಓದಿದ ಒಂದು ವಾಕ್ಯ ಬರೆಯಿರಿ. ವಾಕ್ಯ ಸಿಗದ ಪದವನ್ನು ಸದ್ಯಕ್ಕೆ ಬಿಟ್ಟುಬಿಡಿ.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸು. ಇನ್‌ಸ್ಪೆಕ್ಟ್, ರೆಸ್ಪೆಕ್ಟ್, ಸಸ್ಪೆಕ್ಟ್ ಎಲ್ಲದರಲ್ಲೂ ‘ಪಿ’ಗೆ ಮುಂಚೆ ‘ಎಸ್’ ಇದೆ. ‘ಎಕ್ಸ್‌ಪೆಕ್ಟ್’ನಲ್ಲಿ ಮಾತ್ರ ಇಲ್ಲ. ಅದು ಬೇರೆ ಬೇರಾ ಮೇಡಂ?

ಉತ್ತರ: ಭಲೇ ಪುಟ್ಟ, ಕಣ್ಣು ಚುರುಕಾಗಿದೆ. ಬೇರು ಅದೇ. ‘ಎಕ್ಸ್’ ಅಂದರೆ ಹೊರಗೆ. ಬರುವವರಿಗಾಗಿ ಹೊರಗೆ ನೋಡುತ್ತಾ ಕಾಯುವುದು ಎಕ್ಸ್‌ಪೆಕ್ಟ್. ಈಗ ‘ಎಕ್ಸ್’ ಅಕ್ಷರವನ್ನು ಜೋರಾಗಿ ಹೇಳು. ಅದರ ಕೊನೆಯಲ್ಲಿ ‘ಸ್’ ಆಗಲೇ ಇದೆ. ಅದರ ಹಿಂದೆ ಇನ್ನೊಂದು ‘ಎಸ್’ ಬರೆದರೂ ಕಿವಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಲ್ಯಾಟಿನ್‌ನಲ್ಲೇ ಈ ಪದವನ್ನು ‘ಎಸ್’ ಇಟ್ಟೂ ಬರೆಯುತ್ತಿದ್ದರು, ಬಿಟ್ಟೂ ಬರೆಯುತ್ತಿದ್ದರು. ಇಂಗ್ಲಿಷಿಗೆ ಬಿಟ್ಟದ್ದು ಬಂತು.

ಹೀಗೆ ‘ಎಸ್’ ಕಳೆದುಕೊಂಡ ಪದ ಇನ್ನೂ ಇವೆ. ‘ಎಕ್ಸಿಸ್ಟ್’ ನೋಡು. ಅಲ್ಲಿ ‘ಎಕ್ಸ್’ ಜೊತೆ ಇರುವುದು ‘ಸಿಸ್ಟೆರೆ’, ಅಂದರೆ ನಿಲ್ಲು. ಕನ್ಸಿಸ್ಟ್, ರೆಸಿಸ್ಟ್, ಇನ್ಸಿಸ್ಟ್‌ಗಳಲ್ಲಿ ‘ಎಸ್’ ಉಳಿದಿದೆ, ಎಕ್ಸಿಸ್ಟ್‌ನಲ್ಲಿ ಎಕ್ಸ್ ಅದನ್ನು ನುಂಗಿದೆ. ‘ಎಕ್ಸಿಕ್ಯೂಟ್’ನಲ್ಲೂ ಇದೇ ಕಥೆ. ನಿಮ್ಮ ಟೀಚರ್‌ಗೆ ತೋರಿಸು. ಆದರೆ ಪರೀಕ್ಷೆಯಲ್ಲಿ ಮಾತ್ರ ಜಾಣತನ ತೋರಿಸಲು ‘ಎಸ್’ ಸೇರಿಸಬೇಡ.

ಪ್ರಶ್ನೆ: ಆಹ್ವಾನ ಪತ್ರಿಕೆಗಳಲ್ಲಿ ‘ಅಂಡರ್ ದಿ ಆಸ್ಪಿಸಸ್ ಆಫ್’ ಎಂದು ಸಂಸ್ಥೆಯ ಹೆಸರು ಹಾಕುತ್ತಾರೆ. ಇದರಲ್ಲೂ ಸ್ಪಿಕ್ ಇದೆಯಲ್ಲ. ಇಲ್ಲಿ ಯಾರು ಏನನ್ನು ನೋಡುತ್ತಿದ್ದಾರೆ?

ಉತ್ತರ: ಹಕ್ಕಿಯನ್ನು! ಲ್ಯಾಟಿನ್‌ನಲ್ಲಿ ‘ಆವಿಸ್’ ಅಂದರೆ ಹಕ್ಕಿ. ಹಕ್ಕಿಯನ್ನು ನೋಡಿ ಶಕುನ ಹೇಳುವವನು ‘ಆಸ್ಪೆಕ್ಸ್’. ಅವನ ಕೆಲಸದಿಂದ ‘ಆಸ್ಪಿಸಸ್’ ಬಂತು, ಶುಭ ಎನ್ನುವ ‘ಆಸ್ಪಿಶಸ್’ ಕೂಡ ಬಂತು.

ರೋಮ್‌ನವರಿಗೆ ಇದು ಆಟವಲ್ಲ, ಸರ್ಕಾರದ ಕೆಲಸ. ಅವರ ಕಥೆಯ ಪ್ರಕಾರ ಊರು ಕಟ್ಟುವ ಮುಂಚೆಯೇ ಶಕುನ ನೋಡಿದ್ದರು. ಊರು ಕಟ್ಟಲು ಹೊರಟ ಅವಳಿ ಸೋದರರಲ್ಲಿ ರೀಮಸ್‌ಗೆ 6 ರಣಹದ್ದು ಕಂಡವು, ರೊಮ್ಯುಲಸ್‌ಗೆ 12. ಜಾಸ್ತಿ ಕಂಡವನ ಹೆಸರಲ್ಲಿ ಊರು. ಮುಂದೆ ಸೈನ್ಯದ ಜೊತೆ ಕೋಳಿಗಳನ್ನೇ ಪಂಜರದಲ್ಲಿ ಒಯ್ಯುತ್ತಿದ್ದರು. ಕಾಳು ಹಾಕಿದಾಗ ಗಬಗಬ ತಿಂದರೆ ಯುದ್ಧಕ್ಕೆ ಶುಭ.

ಕ್ರಿಸ್ತಪೂರ್ವ 249ರಲ್ಲಿ ಸಿಸಿಲಿಯ ಡ್ರೆಪಾನ ಎಂಬಲ್ಲಿ ಕಾರ್ತೇಜ್ ನೌಕಾಪಡೆಯ ಎದುರು ನಿಂತಾಗ ಕೋಳಿಗಳು ತಿನ್ನಲಿಲ್ಲವಂತೆ. ಸೇನಾಪತಿ ಕ್ಲಾಡಿಯಸ್ ಪುಲ್ಕರ್‌ಗೆ ಸಿಟ್ಟು ಬಂತು. ‘ತಿನ್ನದಿದ್ದರೆ ಕುಡಿಯಲಿ’ ಎಂದು ಕೋಳಿಗಳನ್ನು ಸಮುದ್ರಕ್ಕೆ ಎಸೆಸಿದ. ಯುದ್ಧ ಹೀನಾಯವಾಗಿ ಸೋತ. ಸೋತದ್ದಂತೂ ಇತಿಹಾಸ. ಕೋಳಿಯ ಕಥೆಯನ್ನು ರೋಮ್‌ನ ಲೇಖಕ ಸಿಸೆರೊ ದಾಖಲಿಸಿದ್ದಾನೆ. ಅದರಲ್ಲಿ ಎಷ್ಟು ಮಸಾಲೆ ಸೇರಿದೆಯೋ, ಕಥೆ ಮಾತ್ರ ಬಿಡಲಾಗದಷ್ಟು ಚೆನ್ನಾಗಿದೆ.

ಹೀಗೆ ಶಕುನ ನೋಡುವ ಹಕ್ಕು ಎಲ್ಲರಿಗೂ ಇರಲಿಲ್ಲ. ಮೇಲಧಿಕಾರಿಗೆ ಇತ್ತು. ಯಾರ ಶಕುನದ ಅಡಿಯಲ್ಲಿ ಯುದ್ಧ ನಡೆಯಿತೋ ಗೆಲುವು ಅವರದ್ದು. ನಿಮ್ಮ ಆಹ್ವಾನ ಪತ್ರಿಕೆಯ ‘ಆಶ್ರಯದಲ್ಲಿ’ ಬಂದದ್ದು ಅಲ್ಲಿಂದ. ಬಲಿ ಕೊಟ್ಟ ಕುರಿಯ ಲಿವರ್ ನೋಡಿ ಭವಿಷ್ಯ ಹೇಳುವವನು ಬೇರೆ ಇದ್ದ, ಅವನು ‘ಹಾರುಸ್ಪೆಕ್ಸ್’. ಇಟಲಿಯ ಪಿಯಾಚೆಂಜಾ ಹತ್ತಿರ 1877ರಲ್ಲಿ ಕುರಿ ಲಿವರಿನ ಕಂಚಿನ ಮಾದರಿಯೊಂದು ಸಿಕ್ಕಿತು. ಅದರ ಮೇಲೆ ಮನೆ ಮನೆ ಬರೆದು ಎಟ್ರಸ್ಕನ್ ಎಂಬ ಅಲ್ಲಿನ ಪ್ರಾಚೀನ ಭಾಷೆಯಲ್ಲಿ ದೇವರ ಹೆಸರುಗಳನ್ನು ಕೊರೆದಿದ್ದಾರೆ.

ಪ್ರಶ್ನೆ: ನಿಮ್ಮ ಬೇರಿನ ಮಾತು ನಂಬಿ ‘ಕಾನ್‌ಸ್ಪೈರ್’ ಅಂದರೆ ಒಟ್ಟಿಗೆ ನೋಡುವುದು ಎಂದು ನಾನು ನಮ್ಮ ಓದುವ ಗುಂಪಿನಲ್ಲಿ ಹೇಳಿದೆ. ಎಲ್ಲರೂ ನಕ್ಕರು. ಇಂಥ ಊಹೆಗಿಂತ ನಿಘಂಟೇ ವಾಸಿ ಅಲ್ಲವೇ?

ಉತ್ತರ: ನಿಘಂಟೇ ವಾಸಿ, ಯಾವಾಗಲೂ. ನಾನು ಹೇಳಿದ್ದು ನಿಘಂಟಿನ ಬದಲಿಗೆ ಅಲ್ಲ, ನಿಘಂಟಿನ ಜೊತೆಗೆ.

ಆದರೆ ನೀವು ಎಡವಿದ ಜಾಗ ಎಂಥವರೂ ಎಡವುವ ಜಾಗ. ಲ್ಯಾಟಿನ್‌ನಲ್ಲಿ ‘ಸ್ಪಿರಾರೆ’ ಎಂಬ ಇನ್ನೊಂದು ಪದ ಇದೆ, ಉಸಿರಾಡು ಅಂತ ಅರ್ಥ. ಅದೂ ಇದೇ ಪ್ರಿಫಿಕ್ಸ್‌ಗಳನ್ನು ಹಾಕಿಕೊಂಡು ಓಡಾಡುತ್ತದೆ. ಇನ್‌ಸ್ಪೆಕ್ಟ್ ಒಳಗೆ ನೋಡುವುದಾದರೆ ಇನ್‌ಸ್ಪೈರ್ ಒಳಗೆ ಉಸಿರು ತುಂಬುವುದು. ರೆಸ್ಪೆಕ್ಟ್ ತಿರುಗಿ ನೋಡುವುದು, ರೆಸ್ಪಿರೇಶನ್ ಮತ್ತೆ ಮತ್ತೆ ಉಸಿರಾಡುವುದು. ನಿಮ್ಮ ಕಾನ್‌ಸ್ಪೈರ್‌ನಲ್ಲಿ ಒಂದಷ್ಟು ಜನ ತಲೆಗೆ ತಲೆ ತಾಗಿಸಿ ಒಟ್ಟಿಗೆ ಉಸಿರಾಡುತ್ತಿದ್ದಾರೆ, ಪಿಸುಗುಡುತ್ತಾ ಸಂಚು ಹೂಡುತ್ತಿದ್ದಾರೆ ಅಂದುಕೊಳ್ಳಿ. ‘ಎಕ್ಸ್‌ಪೈರ್’ನಲ್ಲೂ ‘ಎಸ್’ ಬಿದ್ದುಹೋಗಿದೆ. ಒಂಬತ್ತನೇ ಕ್ಲಾಸಿನ ಪುಟ್ಟ, ಇದನ್ನೂ ಬರೆದುಕೋ.

ಮೂರನೆಯ ಮನೆತನವೂ ಇದೆ. ‘ಸ್ಪೆರಾರೆ’, ಆಶಿಸು. ಅದರಿಂದ ಡೆಸ್ಪರೇಟ್, ಡೆಸ್ಪೇರ್. ಆಶೆ ಕಳೆದುಕೊಳ್ಳುವುದು. ಡೆಸ್ಪೈಸ್‌ಗೂ ಅದಕ್ಕೂ ಸಂಬಂಧ ಇಲ್ಲ.

ಇನ್ನು ಸ್ಪೀಕ್, ಸ್ಪೀಚ್, ಕಲೆ ಎಂಬ ಅರ್ಥದ ಸ್ಪೆಕ್, ಇವು ಲ್ಯಾಟಿನ್ನೇ ಅಲ್ಲ, ಇಂಗ್ಲಿಷಿನ ಹಳೆಯ ಮನೆಮಾತು. ಬರೀ ಸದ್ದು ಕೇಳಿ ನಂಟಸ್ತನ ಹೂಡಬಾರದು.

ಪ್ರಶ್ನೆ: ಸ್ಪೆಷಲ್, ಸ್ಪೀಶೀಸ್, ಸ್ಪೈಸ್. ಮೂರೂ ಒಂದೇ ಬೇರು ಅಂತ ಓದಿದೆ. ಮಸಾಲೆ ಸಾಮಾನಿಗೂ ನೋಡುವುದಕ್ಕೂ ಏನು ಸಂಬಂಧ?

ಉತ್ತರ: ನೋಡಿದಾಗ ಕಾಣುವುದು ರೂಪ. ಲ್ಯಾಟಿನ್‌ನ ‘ಸ್ಪೆಸಿಯೆಸ್’ ಅಂದರೆ ಮೊದಲು ಅದೇ, ಹೊರರೂಪ. ಒಂದೇ ರೂಪದವೆಲ್ಲ ಸೇರಿದರೆ ಒಂದು ಬಗೆ, ಒಂದು ಜಾತಿ. ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಗಿಡಗಳನ್ನೆಲ್ಲ ಹೆಸರಿಟ್ಟು ವಿಂಗಡಿಸಿದ ಪುಸ್ತಕದ ಶೀರ್ಷಿಕೆಯಲ್ಲೇ ಈ ಪದ ಇದೆ. ಒಂದು ಬಗೆಗೆ ಮಾತ್ರ ಸೇರಿದ್ದು ಸ್ಪೆಷಲ್.

ಆಮೇಲಿನ ಲ್ಯಾಟಿನ್‌ನಲ್ಲಿ ವ್ಯಾಪಾರಿಗಳು ‘ಬಗೆಬಗೆಯ ಸರಕು’ ಎನ್ನಲು ಈ ಪದ ಬಳಸಿದರು. ದೂರದಿಂದ ಬರುವ ದುಬಾರಿ ಸರಕು ಅಂದರೆ ಔಷಧಿ, ಮಸಾಲೆ. ಪದ ಅಲ್ಲಿಗೇ ಅಂಟಿಕೊಂಡಿತು. ಫ್ರೆಂಚ್ ಬಾಯಲ್ಲಿ ಸವೆದು ಇಂಗ್ಲಿಷಿಗೆ ‘ಸ್ಪೈಸ್’ ಆಗಿ ಬಂತು. ಫ್ರೆಂಚಿನಲ್ಲಿ ಕಿರಾಣಿ ಅಂಗಡಿಗೆ ಇವತ್ತಿಗೂ ‘ಎಪಿಸೆರಿ’ ಅನ್ನುತ್ತಾರೆ, ಮಸಾಲೆಯಂಗಡಿ ಅಂತ.

ಈ ಸಾಲಿನಲ್ಲಿ ನನಗೆ ಇನ್ನೂ ಖುಷಿ ಕೊಡುವ ಜೋಡಿ ಸ್ಪೆಕ್ಟ್ರಮ್ ಮತ್ತು ಸ್ಪೆಕ್ಟರ್. ಲ್ಯಾಟಿನ್‌ನಲ್ಲಿ ‘ಸ್ಪೆಕ್ಟ್ರಮ್’ ಅಂದರೆ ಕಣ್ಣಿಗೆ ಕಂಡ ಆಕೃತಿ, ಮಾಯಾರೂಪ. ನ್ಯೂಟನ್ ಪ್ರಿಸಮ್ ಮೂಲಕ ಬಿಸಿಲು ಹಾಯಿಸಿದಾಗ ಗೋಡೆಯ ಮೇಲೆ ಮೂಡಿದ ಬಣ್ಣಗಳಿಗೆ ಈ ಪದ ಬಳಸಿದ. ಅವನ ಆ ಬರಹ 1672ರಲ್ಲಿ ಅಚ್ಚಾಯಿತು. ಅದೇ ಪದ ಫ್ರೆಂಚ್ ದಾರಿ ಹಿಡಿದು ‘ಸ್ಪೆಕ್ಟರ್’ ಆದಾಗ ದೆವ್ವ. ಬಣ್ಣದ ಪಟ್ಟಿಯೂ ದೆವ್ವವೂ ಒಂದೇ ಮನೆಯವರು.

ಪ್ರಶ್ನೆ: ನಾನು ನಿವೃತ್ತ ಸಂಸ್ಕೃತ ಅಧ್ಯಾಪಕ. ಸ್ಪೆಕ್ ಎಂಬುದು ನಮ್ಮ ‘ಸ್ಪಶ್’ ಧಾತುವಿನ ಹಾಗೇ ಕಿವಿಗೆ ಬೀಳುತ್ತದೆ. ಸದ್ದು ಕೇಳಿ ನಂಟಸ್ತನ ಹೂಡುತ್ತಿದ್ದೇನೆಯೇ?

ಉತ್ತರ: ಇಲ್ಲ ಗುರುಗಳೇ, ಇದು ನಿಜವಾದ ನಂಟು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಬಂದಿರಬೇಕು ಎಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಹೇಳಿದ್ದು ನಿಮಗೆ ಗೊತ್ತೇ ಇದೆ. ಸ್ಪಶ್ ಮತ್ತು ಸ್ಪೆಕೆರೆ ಆ ಮಾತಿಗೆ ಚೊಕ್ಕ ಉದಾಹರಣೆ. ಋಗ್ವೇದದಲ್ಲಿ ವರುಣನ ಸುತ್ತ ಕೂತ ‘ಸ್ಪಶ’ರು ಗೂಢಚಾರರು, ಎಲ್ಲವನ್ನೂ ನೋಡುವವರು. ಇಂಗ್ಲಿಷಿನ ‘ಸ್ಪೈ’ ಕೂಡ ಇದೇ ಹಳೆಯ ಬೇರಿನದು. ಅದು ಲ್ಯಾಟಿನ್‌ನಿಂದ ಬರಲಿಲ್ಲ, ಜರ್ಮನಿಕ್ ಭಾಷೆಗಳಿಂದ ಫ್ರೆಂಚಿಗೆ ಹೋಗಿ ಇಂಗ್ಲಿಷಿಗೆ ಬಂತು.

‘ನೋಡುತ್ತಾನೆ’ ಎನ್ನುವ ‘ಪಶ್ಯತಿ’ ಕೂಡ ಇದರದ್ದೇ, ಮುಂದಿನ ‘ಸ್’ ಉದುರಿದೆ ಅಷ್ಟೇ. ಪಾಣಿನಿ ಅದನ್ನು ‘ದೃಶ್’ ಧಾತುವಿಗೆ ಆದೇಶವಾಗಿ, ಅಂದರೆ ಅದರ ಜಾಗದಲ್ಲಿ ಬರುವ ರೂಪವಾಗಿ, ಹೇಳಿದ್ದರಿಂದ ನಂಟು ಸ್ವಲ್ಪ ಮರೆಯಾಗಿದೆ.

ಬೇರೆ ಓದುಗರಿಗೆ ಒಂದು ಮಾತು. ನಾವು ದಿನಾ ಬಳಸುವ ‘ಸ್ಪಷ್ಟ’ ಇದೇ ಧಾತುವಿನಿಂದ ಬಂದದ್ದು. ಅಂದರೆ ಕಣ್ಣಿಗೆ ಕಂಡದ್ದು. ಇಂಗ್ಲಿಷಿನಲ್ಲಿ ‘ಪರ್‌ಸ್ಪಿಕ್ಯುಅಸ್’ ಎಂಬ ಪದ ಇದೆ, ಆರಪಾರ ಕಾಣುವಷ್ಟು ತಿಳಿ. ಅರ್ಥವೂ ಒಂದೇ, ಹಳೆಯ ಬೇರೂ ಒಂದೇ.

ಗ್ರೀಕರ ಕಥೆ ಇನ್ನೂ ಮಜವಾಗಿದೆ. ಅವರು ಬೇರಿನ ‘ಪ’ ಮತ್ತು ‘ಕ’ಗಳನ್ನು ಅದಲುಬದಲು ಮಾಡಿಕೊಂಡರು. ಸ್ಪೆಕ್ ಹೋಗಿ ‘ಸ್ಕೆಪ್’, ‘ಸ್ಕೋಪ್’ ಆಯಿತು. ಟೆಲಿಸ್ಕೋಪ್ ದೂರ ನೋಡುವುದು, ಮೈಕ್ರೋಸ್ಕೋಪ್ ಸಣ್ಣದನ್ನು ನೋಡುವುದು. ಗೆಲಿಲಿಯೋನ ದುರ್ಬೀನಿಗೆ ಟೆಲಿಸ್ಕೋಪ್ ಎಂಬ ಹೆಸರು ಸಿಕ್ಕಿದ್ದು 1611ರಲ್ಲಿ, ರೋಮ್‌ನ ಒಂದು ಔತಣದಲ್ಲಿ. ಚರ್ಚಿನ ‘ಬಿಷಪ್’ ಕೂಡ ಇಲ್ಲಿಯವನೇ. ಗ್ರೀಕಿನ ‘ಎಪಿಸ್ಕೊಪೋಸ್’, ಮೇಲಿನಿಂದ ನೋಡಿಕೊಳ್ಳುವವನು, ಬಾಯಿಂದ ಬಾಯಿಗೆ ಸವೆದು ಬಿಷಪ್ ಆದ.

ಪ್ರಶ್ನೆ: ‘ಡೆಸ್ಪೈಟ್’ ಮತ್ತು ‘ಇನ್ ಸ್ಪೈಟ್ ಆಫ್’ ಎರಡಕ್ಕೂ ವ್ಯತ್ಯಾಸ ಏನು? ‘ಡೆಸ್ಪೈಟ್ ಆಫ್’ ಸರಿಯೇ?

ಉತ್ತರ: ಅರ್ಥದಲ್ಲಿ ವ್ಯತ್ಯಾಸ ಇಲ್ಲ. ‘ಡೆಸ್ಪೈಟ್ ಆಫ್’ ತಪ್ಪು, ‘ಆಫ್’ ಬೇಡ. ಇದೂ ಈ ತಿಂಗಳ ಬೇರಿನದೇ. ಕೀಳಾಗಿ ನೋಡುವ ‘ಡೆಸ್ಪೆಕ್ಟುಸ್’ ಫ್ರೆಂಚಿನಲ್ಲಿ ಸವೆದು ಡೆಸ್ಪೈಟ್ ಆಯಿತು. ಅದರ ತಲೆ ಕತ್ತರಿಸಿದರೆ ಸ್ಪೈಟ್, ಅಂದರೆ ಹಗೆ. ‘ಡೆಸ್ಪೈಟ್ ದಿ ರೇನ್’, ಅಂದರೆ ಮಳೆಯನ್ನು ಲೆಕ್ಕಕ್ಕೇ ಇಡದೆ ಹೊರಟ ಎನ್ನುವಲ್ಲಿ ಹಳೆಯ ತಿರಸ್ಕಾರದ ವಾಸನೆ ಇನ್ನೂ ಸ್ವಲ್ಪ ಉಳಿದಿದೆ. ಹೀಗೇ ‘ರೆಸ್ಪೆಕ್ಟುಸ್’ ಸವೆದು ‘ರೆಸ್ಪೈಟ್’ ಆಗಿದೆ, ಬಿಡುವು. ರೆಸ್ಪೆಕ್ಟ್ ಅದರ ಅವಳಿ.

ಪ್ರಶ್ನೆ: ಶೇರು ವ್ಯವಹಾರದ ‘ಸ್ಪೆಕ್ಯುಲೇಶನ್’?

ಉತ್ತರ: ಹೌದು, ಅದೂ. ‘ಸ್ಪೆಕುಲಾ’ ಅಂದರೆ ಕಾವಲು ಗೋಪುರ. ಮೇಲೆ ನಿಂತು ದೂರ ನೋಡುವುದು. ಹಣದ ಅರ್ಥ ಬಂದದ್ದು 18ನೇ ಶತಮಾನದಲ್ಲಿ. ಗೋಪುರದಿಂದ ಎಷ್ಟು ದೂರ ಕಾಣುತ್ತದೆ ಅಂತ ಮಾತ್ರ ನನ್ನನ್ನು ಕೇಳಬೇಡಿ.

ಪ್ರಶ್ನೆ: ಪುಸ್ತಕದ ಶೀರ್ಷಿಕೆ ಪುಟದ ಎದುರಿನ ಚಿತ್ರಕ್ಕೆ ‘ಫ್ರಂಟಿಸ್‌ಪೀಸ್’ ಅನ್ನುತ್ತಾರೆ. ಮುಂದಿನ ಪೀಸ್, ಅಂದರೆ ಮುಂದಿನ ತುಂಡು ಎಂದು ತಿಳಿಯಬಹುದೇ?

ಉತ್ತರ: ಹಾಗೆ ತಿಳಿದವರು ನೀವೊಬ್ಬರೇ ಅಲ್ಲ. ಇಂಗ್ಲಿಷ್ ಜನ ಎಲ್ಲರೂ ಸೇರಿ ಹಾಗೆ ತಿಳಿದೇ ಅದರ ಸ್ಪೆಲಿಂಗ್ ಕೆಡಿಸಿದರು. ಲ್ಯಾಟಿನ್‌ನಲ್ಲಿ ಅದು ‘ಫ್ರಾಂಟಿಸ್ಪಿಸಿಯುಮ್’. ‘ಫ್ರೋನ್ಸ್’ ಅಂದರೆ ಹಣೆ, ಉಳಿದದ್ದು ನಮ್ಮ ಸ್ಪೆಕೆರೆ. ಕಟ್ಟಡದ ಮುಂಭಾಗಕ್ಕೆ ಆ ಹೆಸರಿತ್ತು, ಆಮೇಲೆ ಪುಸ್ತಕದ ಮುಂಭಾಗಕ್ಕೆ ಬಂತು. ಪದದ ಬಾಲ ‘ಪೀಸ್’ನಂತೆ ಕೇಳಿಸಿದ್ದರಿಂದ ಹಾಗೇ ಬರೆದುಬಿಟ್ಟರು. ಈಗ ಅದೇ ಸರಿ. ನೀವೂ ಹಾಗೇ ಬರೆಯಿರಿ.